ರೊಟ್ಟಿ, ಕೊಡ, ಕಟ್ಟಿಗೆ, ದಬ್ಬಣ: ನಿಮ್ಮದೇ ಟ್ಯಾರೋ ಕಾರ್ಡ್ ಬಿಡಿಸುವ ಬಗೆ

ಜಾತ್ರೆಯಲ್ಲಿ ಗಿಣಿ ಶಾಸ್ತ್ರದವರನ್ನು ನೋಡಿದ್ದೀರಿ ಅಲ್ವಾ? ಪಂಜರದ ಬಾಗಿಲು ತೆಗೆದರೆ ಗಿಣಿ ಹೊರಗೆ ಬರುತ್ತದೆ. ಸಾಲಾಗಿ ಜೋಡಿಸಿದ ಚೀಟಿಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆದು ಒಳಗೆ ಹೋಗುತ್ತದೆ. ಅದಕ್ಕೊಂದು ಕಾಳು. ಚೀಟಿಯ ಚಿತ್ರ ನೋಡಿದ್ದೇ ತಡ, ಶಾಸ್ತ್ರ ಹೇಳುವವನ ಬಾಯಿ ಶುರುವಾಗುತ್ತದೆ. ಪುಸ್ತಕ ತೆಗೆಯುವುದಿಲ್ಲ. ಚಿತ್ರ ಇದೆ, ಎದುರಿಗೆ ಕೂತವರ ಮುಖ ಇದೆ, ಅವನಿಗೆ ಅಷ್ಟು ಸಾಕು.

ಟ್ಯಾರೋ ಅಂದರೆ ಭವಿಷ್ಯ ಹೇಳಲು ಬಳಸುವ ಚಿತ್ರದ ಕಾರ್ಡ್‌ಗಳ ಕಟ್ಟು. ಅದರ ಚಿತ್ರ ಬಿಡಿಸಲು ಕೂತವರು ನೆನಪಿಡಬೇಕಾದ್ದು ಇದನ್ನೇ. ನಿಮ್ಮ ಕಾರ್ಡ್ ನೋಡಿದವರಿಗೆ ಬಾಯಿ ಬರಬೇಕು. ಜೊತೆಗೊಂದು ಪುಸ್ತಕ ಕೊಟ್ಟು ಅರ್ಥ ಹೇಳಬೇಕಾದರೆ ಚಿತ್ರ ಅರ್ಧ ಸೋತಿದೆ ಎಂದೇ ಲೆಕ್ಕ.

ನಾನಿರುವುದು ಕೊಪ್ಪಳದಲ್ಲಿ. ಹಗಲು ಡಿಟಿಪಿ ಅಂಗಡಿಯಲ್ಲಿ ಮದುವೆ ಕಾರ್ಡು, ಫ್ಲೆಕ್ಸು. ರಾತ್ರಿ ಟ್ಯಾರೋ. ನಾನು ಭವಿಷ್ಯ ಹೇಳುವವಳಲ್ಲ, ಅದನ್ನು ನಂಬಿ ಅಂತಲೂ ಹೇಳಲ್ಲ. ಚಿತ್ರ ಬಿಡಿಸುವವರಿಗೆ 78 ಚಿತ್ರಗಳ ಇಂಥ ಕಟ್ಟು ಇನ್ನೊಂದು ಸಿಗುವುದಿಲ್ಲ ಅಂತ ಕೈ ಹಾಕಿದೆ. ಎರಡು ವರ್ಷದಲ್ಲಿ ಎಡವಿದ್ದು, ಕಲಿತದ್ದು ಕೆಳಗಿದೆ.

ಮೊದಲು ಲೆಕ್ಕ

ಒಂದು ಕಟ್ಟಿನಲ್ಲಿ 78 ಕಾರ್ಡ್. ಅದರಲ್ಲಿ 22 ದೊಡ್ಡ ಕಾರ್ಡ್‌ಗಳು: ಸೊನ್ನೆ ನಂಬರಿನ ಮರುಳನಿಂದ 21ನೇ ಜಗತ್ತಿನವರೆಗೆ. ಉಳಿದ 56 ಚಿಕ್ಕವು. ಅವು ನಾಲ್ಕು ಗುಂಪು: ಕೋಲು, ಬಟ್ಟಲು, ಕತ್ತಿ, ನಾಣ್ಯ. ಪ್ರತಿ ಗುಂಪಿನಲ್ಲಿ 14. ಒಂದರಿಂದ ಹತ್ತು, ಆಮೇಲೆ ಆಳು, ಸವಾರ, ರಾಣಿ, ರಾಜ. ಕೋಲು ಬೆಂಕಿಗೆ, ಬಟ್ಟಲು ನೀರಿಗೆ, ಕತ್ತಿ ಗಾಳಿಗೆ, ನಾಣ್ಯ ಮಣ್ಣಿಗೆ ಸೇರಿದ್ದು ಅಂತ ವಾಡಿಕೆ.

ಇದು ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ಬರೀ ಇಸ್ಪೀಟಿನಂಥ ಆಟವಾಗಿ. ಭವಿಷ್ಯಕ್ಕೆ ಜೋರಾಗಿ ಬಳಕೆಗೆ ಬಂದದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಇವತ್ತು ಹೆಚ್ಚಿನವರ ಕೈಯಲ್ಲಿ ಇರುವುದು 1909ರಲ್ಲಿ ಲಂಡನ್ನಿನಲ್ಲಿ ಬಂದ ರೈಡರ್-ವೇಟ್ ಕಟ್ಟು. ಅದರ ಚಿತ್ರ ಬಿಡಿಸಿದ್ದು ಪಮೇಲಾ ಕೋಲ್ಮನ್ ಸ್ಮಿತ್. ಹೆಸರಿನಲ್ಲಿ ಪ್ರಕಾಶಕರು (ರೈಡರ್) ಬಂದರು, ಬರೆಸಿದವರು (ವೇಟ್) ಬಂದರು, ಬಿಡಿಸಿದವಳು ಬಹಳ ಕಾಲ ಬರಲೇ ಇಲ್ಲ. ಚಿಕ್ಕ ಕಾರ್ಡ್‌ಗಳಿಗೂ ಒಂದೊಂದು ಕಥೆಯಂಥ ಚಿತ್ರ ಕೊಟ್ಟದ್ದು ಅವಳ ದೊಡ್ಡ ಕೆಲಸ. ಅದಕ್ಕೂ ಮುಂಚಿನ ಕಟ್ಟುಗಳಲ್ಲಿ ಹೆಚ್ಚಾಗಿ ಐದು ಬಟ್ಟಲು ಅಂದರೆ ಸುಮ್ನೆ ಐದು ಬಟ್ಟಲು, ಅಷ್ಟೇ.

ಪೆನ್ಸಿಲ್ ಹಿಡಿಯುವ ಮುಂಚೆ ಒಂದು ನೋಟ್‌ಬುಕ್

ಇಲ್ಲಿ ಆತುರ ಬೇಡ. ನೂರು ಪುಟದ ನೋಟ್‌ಬುಕ್ ತಗೊಳ್ಳಿ, ಕಾರ್ಡಿಗೊಂದು ಪುಟ. ಪ್ರತಿ ಪುಟದ ಮೇಲೆ ಆ ಕಾರ್ಡಿನ ಅರ್ಥವನ್ನು ಒಂದೇ ಮಾತಿನಲ್ಲಿ ಬರೆಯಿರಿ. "ಪರಿವರ್ತನೆ", "ಸಮತೋಲನ", "ಅಂತರಂಗದ ಬೆಳಕು" ಅಂತ ಬರೆದರೆ ಚಿತ್ರ ಹುಟ್ಟುವುದಿಲ್ಲ. ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಜನ ಆಡುವ ಮಾತು ಬರೆಯಿರಿ. ಗಾದೆ ಸಿಕ್ಕರೆ ಇನ್ನೂ ಒಳ್ಳೆಯದು.

ಸ್ಮಿತ್ ಬಿಡಿಸಿದ ಕತ್ತಿ ಏಳು ಅನ್ನುವ ಕಾರ್ಡಿನಲ್ಲಿ ಒಬ್ಬ ಐದು ಕತ್ತಿ ಎತ್ತಿಕೊಂಡು ಹಿಂದೆ ನೋಡುತ್ತಾ ಜಾರಿಕೊಳ್ಳುತ್ತಿದ್ದಾನೆ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ "ಕಳ್ಳನ ಮನಸ್ಸು ಹುಳ್ಳುಳ್ಳಗೆ". ಗೋಪುರ ಕಾರ್ಡಿಗೆ "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ". ಸೈತಾನನ ಕಾರ್ಡಿನಲ್ಲಿ ಇಬ್ಬರ ಕೊರಳಿಗೆ ಸರಪಳಿ ಇದೆ, ಆದರೆ ಸಡಿಲವಾಗಿದೆ, ಬೇಕಾದರೆ ತೆಗೆಯಬಹುದು. ಅದಕ್ಕೆ "ನಾನೇ ಕಟ್ಟಿಕೊಂಡ ಹಗ್ಗ" ಅಂತ ಬರೆದೆ. ಹೀಗೆ ಬರೆದಾಗ ಕಣ್ಣ ಮುಂದೆ ತಾನಾಗಿ ಏನೋ ಒಂದು ಬರುತ್ತದೆ. ಬಂದದ್ದನ್ನು ಅದೇ ಪುಟದಲ್ಲಿ ಗೀಚಿಡಿ. ಚೆಂದ ಬೇಡ, ಕಡ್ಡಿ ಗೊಂಬೆ ಸಾಕು.

ಎಲ್ಲ 78 ಪುಟ ತುಂಬುವವರೆಗೆ ಬಣ್ಣ ಮುಟ್ಟಬೇಡಿ. ನಾನು ಮುಟ್ಟಿದ್ದೆ. ಹನ್ನೊಂದು ಕಾರ್ಡ್ ಆಮೇಲೆ ಬಿಸಾಕಬೇಕಾಯಿತು.

ನಾಲ್ಕು ಗುಂಪಿಗೆ ನಾಲ್ಕು ವಸ್ತು

ಕಟ್ಟಿನ ಸುಮಾರು ಮುಕ್ಕಾಲು ಭಾಗ ನಿಂತಿರುವುದು ಇದರ ಮೇಲೆ. ದೊಡ್ಡ ಕಾರ್ಡ್‌ಗಳಿಗೆ ತಲೆ ಕೆಡಿಸಿಕೊಂಡು ಇದನ್ನು ಬೇಗ ಮುಗಿಸುವವರೇ ಜಾಸ್ತಿ. ಅದು ತಪ್ಪು. ನೀವು ಆರಿಸುವ ವಸ್ತುವನ್ನು ಒಂದರಿಂದ ಹತ್ತರವರೆಗೆ ಹತ್ತು ಸಲ ಬಿಡಿಸಬೇಕು, ಹತ್ತು ಬೇರೆ ಬೇರೆ ಸಂಗತಿ ಹೇಳಿಸಬೇಕು. ಜೊತೆಗೆ ಕೈಯಲ್ಲಿ ಹಿಡಿಯುವಂಥದ್ದಾಗಿರಬೇಕು, ಎಣಿಸಲು ಬರಬೇಕು, ದೂರದಿಂದ ಒಂದನ್ನು ಇನ್ನೊಂದು ಅಂತ ತಿಳಿಯಬಾರದು.

ನಾಣ್ಯಕ್ಕೆ ನಾನು ಜೋಳದ ರೊಟ್ಟಿ ಇಟ್ಟೆ. ದುಂಡಗಿದೆ, ಮಣ್ಣಿನಿಂದ ಬಂದದ್ದು, ದುಡಿದವರ ಕೂಲಿ. ನಾಣ್ಯ ಎಂಟು ಅಂದರೆ ಕೆಲಸ ಕಲಿಯುವುದು. ಸ್ಮಿತ್ ಬಿಡಿಸಿದ ಹಳೆಯ ಚಿತ್ರದಲ್ಲಿ ಒಬ್ಬ ಕುಶಲಕರ್ಮಿ ನಾಣ್ಯ ಕೆತ್ತುತ್ತಾ ಕೂತಿದ್ದಾನೆ. ನನ್ನ ಚಿತ್ರದಲ್ಲಿ ಹನ್ನೆರಡರ ಹುಡುಗಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ಪಕ್ಕದಲ್ಲಿ ಏಳು ರೊಟ್ಟಿ ಒರಗಿಸಿಟ್ಟಿವೆ. ಮೊದಲನೆಯದು ಭಾರತದ ನಕ್ಷೆ, ಮೂರನೆಯದರ ಅಂಚು ಒಡೆದಿದೆ, ಐದನೆಯದು ಸುಟ್ಟಿದೆ, ಏಳನೆಯದು ಹೆಚ್ಚುಕಮ್ಮಿ ದುಂಡಗಿದೆ. ಎಂಟನೆಯದು ಅವಳ ಕೈಯಡಿ ಇದೆ. ಇದಕ್ಕೆ ಅರ್ಥ ಬರೆದು ಕೊಡಬೇಕಾ?

ನಾಣ್ಯ ಆರರಲ್ಲಿ ಒಬ್ಬ ಶ್ರೀಮಂತ ಕೈಯಲ್ಲಿ ತಕ್ಕಡಿ ಹಿಡಿದು ಕೆಳಗೆ ಕೂತವರಿಗೆ ಕಾಸು ಹಾಕುತ್ತಿದ್ದಾನೆ. ನನಗೆ ಥಟ್ಟನೆ ಹೊಳೆದದ್ದು ಗವಿಮಠದ ಜಾತ್ರೆಯ ದಾಸೋಹ. ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ತುಂಬಿಕೊಂಡು ಬರುತ್ತಾರಲ್ಲ, ಅದು. ಬಿಡಿಸಿಯೂ ಆಯಿತು. ಆಮೇಲೆ ನೋಡಿದರೆ ಏನೋ ಸರಿ ಹೊಂದುತ್ತಿಲ್ಲ. ಹಳೆಯ ಕಾರ್ಡಿನಲ್ಲಿ ಕೊಡುವವನು ಮೇಲೆ, ಪಡೆಯುವವರು ಕೆಳಗೆ. ದಾಸೋಹದಲ್ಲಿ ರೊಟ್ಟಿ ತಂದವರೂ ಅದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ತಕ್ಕಡಿ ಎಲ್ಲಿಂದ ತರಲಿ? ವಸ್ತು ಬದಲಾದರೆ ಅರ್ಥವೂ ಸ್ವಲ್ಪ ಜರುಗುತ್ತದೆ. ಜರುಗಲಿ ಅಂತ ಬಿಟ್ಟೆ, ಆದರೆ ಗೊತ್ತಿದ್ದು ಬಿಟ್ಟೆ. ನೋಟ್‌ಬುಕ್ಕಿನ ಮಾತನ್ನೂ ತಿದ್ದಿದೆ. ನೀವೂ ಹಾಗೇ ಮಾಡಿ. ಚಿತ್ರ ಒಂದು ಹೇಳಿ ನೋಟ್‌ಬುಕ್ ಇನ್ನೊಂದು ಹೇಳಬಾರದು.

ಬಟ್ಟಲಿಗೆ ಪ್ಲಾಸ್ಟಿಕ್ ಕೊಡ. ತಾಮ್ರದ ಬಿಂದಿಗೆ ಚೆಂದ ಕಾಣುತ್ತದೆ ಅಂತ ಗೆಳತಿ ಹೇಳಿದಳು. ಆದರೆ ನಮ್ಮ ಓಣಿಯಲ್ಲಿ ನಳದ ಮುಂದೆ ಸಾಲು ನಿಲ್ಲುವುದು ಪ್ಲಾಸ್ಟಿಕ್ ಕೊಡಗಳೇ. ನೀರು ಬಂದರೆ ನಗು, ಬರದಿದ್ದರೆ ಜಗಳ. ಬಟ್ಟಲು ಮನಸ್ಸಿನ ಗುಂಪು, ಅದಕ್ಕೆ ಇದಕ್ಕಿಂತ ಬೇಕೇ? ಬಟ್ಟಲು ಐದರಲ್ಲಿ ಮೂರು ಬಿದ್ದಿವೆ, ಎರಡು ನಿಂತಿವೆ, ನಿಂತವನು ಬಿದ್ದದ್ದನ್ನೇ ನೋಡುತ್ತಿದ್ದಾನೆ. ಕೊಡ ಇಟ್ಟರೆ ಒಂದು ಗೆರೆಯೂ ಬದಲಿಸಬೇಕಿಲ್ಲ. ಬಟ್ಟಲು ಹತ್ತರಲ್ಲಿ ಆಕಾಶದ ಕಾಮನಬಿಲ್ಲಿನಲ್ಲಿ ಹತ್ತು ಬಟ್ಟಲಿವೆ. ನಾನು ಕಾಮನಬಿಲ್ಲು ಬಿಡಿಸಲೇ ಇಲ್ಲ. ಕೆಂಪು, ಕೇಸರಿ, ಹಳದಿ, ಹಸಿರು, ನೀಲಿ ಕೊಡಗಳನ್ನು ಬಾಗಿದ ಸಾಲಿನಲ್ಲಿ ನಿಲ್ಲಿಸಿದೆ, ಎಲ್ಲವೂ ತುಂಬಿ ತುಳುಕುತ್ತಿವೆ.

ಕೋಲಿಗೆ ಹತ್ತಿ ಕಟ್ಟಿಗೆ. ಹೊಲದಲ್ಲಿ ಇರುವಾಗ ಅದು ಬೆಳೆ, ಹತ್ತಿ ಕಿತ್ತ ಮೇಲೆ ಒಲೆಗೆ ಉರುವಲು. ಬೆಂಕಿಯ ಗುಂಪಿಗೆ ಸರಿಯಾಗಿ ಕೂತಿತು. ಒಂದನೆಯ ಕಾರ್ಡಿನಲ್ಲಿ ಒಂದೇ ಕಡ್ಡಿ, ತುದಿಗೊಂದು ಒಡೆದ ಕಾಯಿ, ಬಿಳಿ ಹತ್ತಿ. ಹತ್ತನೆಯದರಲ್ಲಿ ತಲೆ ಮೇಲೆ ಹೊರೆ ಹೊತ್ತ ಹೆಂಗಸು, ಹೊರೆಯ ಕೆಳಗೆ ಅವಳ ಕಣ್ಣು ಕಾಣುವುದಿಲ್ಲ.

ಕತ್ತಿಗೆ ಮೊದಲು ಕುಡಗೋಲು ಅಂದುಕೊಂಡೆ. ಹತ್ತು ಕುಡಗೋಲು ಸಾಲಾಗಿ ಇಟ್ಟರೆ ಎಲೆಕ್ಷನ್ ಪೋಸ್ಟರ್ ಆಗುತ್ತದೆ ಅಂತ ಅಂಗಡಿಯ ಹುಡುಗ ನಕ್ಕ. ನಿಜವೇ. ಚೀಲ ಹೊಲಿಯುವ ದಬ್ಬಣ ಹೊಳೆದದ್ದು ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ. ಚುಚ್ಚುವುದೂ ಅದೇ, ಹೊಲಿಯುವುದೂ ಅದೇ. ಮಾತಿನ ಹಾಗೆ. ಕತ್ತಿ ಮೂರರಲ್ಲಿ ಎದೆಗೆ ಮೂರು ಕತ್ತಿ ನಾಟಿರುತ್ತವೆ. ನನ್ನದರಲ್ಲಿ ತುಂಬಿದ ಚೀಲಕ್ಕೆ ಮೂರು ದಬ್ಬಣ ನಾಟಿವೆ, ಮೂರು ತೂತಿನಿಂದ ಸಣ್ಣಗೆ ಅಕ್ಕಿ ಸೋರುತ್ತಿದೆ. ಕತ್ತಿ ಆರರಲ್ಲಿ ಒಬ್ಬ ತಾಯಿ ಮಗುವನ್ನು ಅಂಬಿಗ ದೋಣಿಯಲ್ಲಿ ದಾಟಿಸುತ್ತಾನೆ, ದೋಣಿಯಲ್ಲಿ ಆರು ಕತ್ತಿ ನೆಟ್ಟಿವೆ. ಆನೆಗೊಂದಿಯ ಹರಿಗೋಲು ನೋಡಿದವರಿಗೆ ಇದು ಸಲೀಸು. ಬಿದಿರಿನ ಹೆಣಿಗೆಗೆ ಆರು ದಬ್ಬಣ ಚುಚ್ಚಿವೆ. ಕಿತ್ತರೆ ನೀರು ಒಳಗೆ ಬರುತ್ತದೆ. ನೋವನ್ನು ಜೊತೆಗಿಟ್ಟುಕೊಂಡೇ ಆಚೆ ದಡ ಸೇರಬೇಕು.

ಆಳು, ಸವಾರ, ರಾಣಿ, ರಾಜ ನಮ್ಮಲ್ಲಿ ಯಾರು? ನಾನು ಮಗಳು, ಬೈಕಿನ ಹುಡುಗ, ಅವ್ವ, ಮುತ್ಯಾ (ಅಜ್ಜ) ಅಂತ ಮಾಡಿಕೊಂಡೆ. ಕಿರೀಟ ಇಲ್ಲ. ಮುತ್ಯಾನ ರುಮಾಲೇ ಸಾಕು.

ದೊಡ್ಡ ಕಾರ್ಡ್‌ಗಳು, ಮತ್ತೆ ನಾನು ಮಾಡಿದ ದೊಡ್ಡ ತಪ್ಪು

ಮರುಳ ಕಾರ್ಡಿನಲ್ಲಿ ಒಬ್ಬ ಹುಡುಗ ಹೆಗಲಿಗೆ ಗಂಟು ಹಾಕಿಕೊಂಡು ಆಕಾಶ ನೋಡುತ್ತಾ ಬಂಡೆಯ ಅಂಚಿಗೆ ಹೊರಟಿದ್ದಾನೆ. ಗಂಟು, ಪ್ರಯಾಣ ಅಂದ ಕೂಡಲೇ ನಾನು ಗುಳೆ ಹೋಗುವ ಕುಟುಂಬ ಬಿಡಿಸಿದೆ. ಚೀಲ, ಪಾತ್ರೆ, ಕಂಕುಳಲ್ಲಿ ಕೂಸು, ಹಿಂದೆ ನಾಯಿ. ಬಹಳ ಚೆನ್ನಾಗಿ ಬಂತು ಅಂತ ಬೀಗಿದೆ. ಪಕ್ಕದ ಮನೆಯ ದೊಡ್ಡವ್ವ ನೋಡಿ ಕೇಳಿದ್ದು ಒಂದೇ ಮಾತು: "ಇವ್ರು ಖುಷಿಲೆ ಹೊಂಟಾರೇನವಾ?"

ಮರುಳ ಹೊರಡುವುದು ಖುಷಿಯಿಂದ. ಗುಳೆ ಹೊರಡುವುದು ಹೊಟ್ಟೆಗೆ ಇಲ್ಲದೆ. ಎರಡಕ್ಕೂ ಗಂಟು ಇದೆ ಅಂತ ಒಂದೇ ಮಾಡಿದ್ದೆ. ಆ ಚಿತ್ರವನ್ನು ನಾಣ್ಯ ಐದಕ್ಕೆ ಕಳಿಸಿದೆ, ಬಡತನದ ಕಾರ್ಡ್ ಅದು. ಮರುಳನಾಗಿ ಈಗ ಒಬ್ಬ ಹುಡುಗ ಇದ್ದಾನೆ. ಸೂತ್ರ ಹರಿದ ಗಾಳಿಪಟದ ಹಿಂದೆ ಓಡುತ್ತಿದ್ದಾನೆ, ಕಾಲ ಕೆಳಗೆ ನಮ್ಮ ಕಡೆಯ ಗುಂಡುಕಲ್ಲಿನ ಅಂಚು. ವಸ್ತು ಹೊಂದಿದರೆ ಸಾಲದು, ಮುಖದ ಮೇಲಿನ ಭಾವ ಹೊಂದಬೇಕು.

ಗೋಪುರಕ್ಕೆ ಹುಡುಕಬೇಕಾಗಲಿಲ್ಲ. ಹಳೆಯ ಚಿತ್ರದಲ್ಲಿ ಸಿಡಿಲು ಬಡಿದು ಗೋಪುರದ ತಲೆಯ ಕಿರೀಟ ಹಾರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆ ರಾತ್ರಿ ಇಲ್ಲಿ ಯಾರು ಮರೆತಾರು? 33 ಗೇಟುಗಳಲ್ಲಿ ಒಂದು ಹೋದರೆ ಇಡೀ ಅಣೆಕಟ್ಟಿನ ಮೇಲೆ ಕಣ್ಣು. ಸಿಡಿಲಿನ ಜಾಗಕ್ಕೆ ಹರಿದ ಚೈನಿನ ಒಂದು ಕೊಂಡಿಯನ್ನು ದೊಡ್ಡದಾಗಿ ಮುಂದೆ ಇಟ್ಟೆ, ಹಿಂದೆ ನೀರು. ಗೋಪುರದ ಮುಂದಿನ ಕಾರ್ಡ್ ನಕ್ಷತ್ರ, ಅಂದರೆ ಭರವಸೆ. ಸುಮಾರು ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ಗೇಟಿನ ಬದಲು ನೀರು ತಡೆಯುವ ಉಕ್ಕಿನ ಹಲಗೆ, ಇಳಿಸಿದರು. ಕ್ರೇನು, ಕೆಳಗೆ ಹೆಲ್ಮೆಟ್ ಹಾಕಿದ ನಾಲ್ಕು ಜನ, ಮೇಲೆ ಚುಕ್ಕಿ. ಎರಡು ಕಾರ್ಡ್ ಪಕ್ಕಪಕ್ಕ ಇಟ್ಟರೆ ಕಥೆ ತಾನೇ ಮುಂದುವರಿಯುತ್ತದೆ. 22 ಕಾರ್ಡ್‌ಗಳಲ್ಲಿ ಇಂಥ ಜೋಡಿಗಳನ್ನು ಹುಡುಕಿ.

ಸಾವಿನ ಕಾರ್ಡಿಗೆ ಎಲುಬುಗೂಡು ಬೇಡ ಅನಿಸಿತು. ಅದರ ಅರ್ಥ ಹೆಣ ಅಲ್ಲ, ಒಂದು ಮುಗಿದು ಇನ್ನೊಂದು ಶುರುವಾಗುವುದು. ಹಳೆಯ ಚಿತ್ರದಲ್ಲೂ ಹಿಂದೆ ಎರಡು ಗೋಪುರದ ನಡುವೆ ಸೂರ್ಯ ಇದ್ದಾನೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡ ಹತ್ತಿದರೆ ಕಲ್ಲಿನ ಚಪ್ಪಡಿ ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾಯುಗದ ಗೋರಿಗಳು ಸಾಲಾಗಿ ನಿಂತಿವೆ. ಜನ ಮೋರೇರ ಮನೆ ಅನ್ನುತ್ತಾರೆ. ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಆ ಕಿಂಡಿಯೊಳಗೆ ಬೆಳಗಿನ ಸೂರ್ಯನನ್ನು ಇಟ್ಟೆ. ಬೇರೇನೂ ಇಲ್ಲ.

ಚಂದ್ರನ ಕಾರ್ಡಿನಲ್ಲಿ ನಾಯಿ, ತೋಳ, ನೀರಿನಿಂದ ಹತ್ತಿ ಬರುವ ಒಂದು ಜಲಚರ ಇವೆ. ಬೇರೆ ಕಡೆಯವರು ತೋಳಕ್ಕೆ ಫೋಟೋ ಹುಡುಕಬೇಕು. ನಮ್ಮ ಜಿಲ್ಲೆಯ ಬಂಕಾಪುರದ ಕುರುಚಲಿನಲ್ಲಿ ತೋಳಗಳೇ ಇವೆ. ಜಲಚರದ ಜಾಗಕ್ಕೆ ಗದ್ದೆಯ ಏಡಿ ಬಂತು.

ದೇವರನ್ನು ಹಾಕಬೇಡಿ

ಇದನ್ನು ಎಲ್ಲರೂ ಕೇಳುತ್ತಾರೆ. ರಥದ ಕಾರ್ಡಿಗೆ ಕೃಷ್ಣ, ಶಕ್ತಿಯ ಕಾರ್ಡಿಗೆ ದುರ್ಗೆ, ಆಯ್ತಲ್ಲ? ಬೇಡ. ಟ್ಯಾರೋ ಕಾರ್ಡನ್ನು ಕಲಸುತ್ತಾರೆ, ನೆಲದ ಮೇಲೆ ಹರಡುತ್ತಾರೆ, ತಲೆಕೆಳಗಾಗಿ ಬಂದರೆ ಅದಕ್ಕೊಂದು ಬೇರೆ ಅರ್ಥ, ಬಹಳ ಸಲ ಕೆಟ್ಟದ್ದೇ, ಹೇಳುತ್ತಾರೆ. ದೇವರ ಚಿತ್ರ ತಲೆಕೆಳಗಾದರೆ ನೋಡಿದವರ ಮನಸ್ಸು ಅಲ್ಲೇ ನಿಲ್ಲುತ್ತದೆ. ಮೊಹರಂನ ಅಲಾಯಿ ದೇವರ ಪಂಜಾ, ಶರಣರು, ಮಠದ ಸ್ವಾಮಿಗಳು, ಎಲ್ಲಕ್ಕೂ ಇದೇ ಮಾತು. ದೇವರ ಬದಲು ದೇವರ ಸುತ್ತಲಿನದ್ದನ್ನು ತಗೊಳ್ಳಿ. ತೇರು ಬೇಡ, ತೇರಿನ ಗಾಲಿ ಮತ್ತೆ ಕೆಳಗೆ ಬಿದ್ದ ಉತ್ತತ್ತಿ ಬಿಡಿಸಿ. ಅದೃಷ್ಟದ ಚಕ್ರ ಅನ್ನುವ ಕಾರ್ಡಿಗೆ ಅದು ಬೇಕಾದಷ್ಟಾಯಿತು. ಎಸೆದ ಉತ್ತತ್ತಿ ಯಾರ ಕೈಗೆ ಬೀಳುತ್ತದೋ ಯಾರು ಬಲ್ಲರು?

ಕೈ, ಬಣ್ಣ, ಗೆರೆ

78 ಚಿತ್ರ ಒಂದೇ ಕೈಯಿಂದ ಬಂದ ಹಾಗೆ ಕಾಣಬೇಕು. ಎರಡು ವರ್ಷದಲ್ಲಿ ಕೈ ಪಳಗಿ ಗೆರೆ ಬದಲಾಗುತ್ತದೆ. ಅದಕ್ಕೇ ನಂಬರ್ ಪ್ರಕಾರ ಬಿಡಿಸಬೇಡಿ, ಎಲ್ಲ ಗುಂಪಿನಿಂದ ಕಲಸಿ ಬಿಡಿಸಿ. ಆಗ ಹಳೆಯ ಕೈ, ಹೊಸ ಕೈ ಕಟ್ಟಿನ ತುಂಬ ಹರಡಿಕೊಳ್ಳುತ್ತದೆ. ವಾರಕ್ಕೆ ಎರಡು ಅಂದರೂ 39 ವಾರ ಬೇಕು. ಮದುವೆ ಸೀಸನ್ನಿನಲ್ಲಿ ನನಗೆ ಒಂದೂ ಆಗಲಿಲ್ಲ.

ಬಣ್ಣ ಏಳೆಂಟಕ್ಕೆ ನಿಲ್ಲಿಸಿ. ನಾನು ಕಲಿತದ್ದು ಕಿನ್ನಾಳದ ಗೊಂಬೆ ನೋಡಿ. ಅಲ್ಲಿನ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಹುಣಸೆ ಬೀಜದ ಅಂಟು ಸೇರಿಸಿದ ಕಣಕ ಮೆತ್ತಿ, ಮೇಲೆ ಬಣ್ಣ ಕಟ್ಟುತ್ತಾರೆ. ಕೆಂಪು ಕೆಂಪೇ, ಹಳದಿ ಹಳದಿಯೇ, ಮಂಕು ಇಲ್ಲ. ಗರುಡನ ಕಣ್ಣು ಹತ್ತಡಿ ದೂರದಿಂದ ಕಾಣುತ್ತದೆ. ಅಂಗೈಯಗಲದ ಕಾರ್ಡಿಗೂ ಅದೇ ಬೇಕು. ಆದರೆ ಒಂದು ಎಚ್ಚರ: ಕಿನ್ನಾಳಕ್ಕೆ ಜಿಐ ಗುರುತು, ಅಂದರೆ ಆ ಹೆಸರು ಆ ಊರಿನ ಕಲೆಗಷ್ಟೇ ಅನ್ನುವ ಸರ್ಕಾರದ ಗುರುತು, ಇದೆ. ನೋಡಿ ಕಲಿಯಿರಿ, ನಿಮ್ಮ ಕಟ್ಟಿನ ಮೇಲೆ ಕಿನ್ನಾಳ ಕಲೆ ಅಂತ ಬರೆದು ಮಾರಬೇಡಿ.

ಹಳೆಯ ಕಟ್ಟಿನ ವಿಷಯದಲ್ಲೂ ಹೀಗೇ. ಸ್ಮಿತ್ ತೀರಿಕೊಂಡದ್ದು 1951ರಲ್ಲಿ. ನಮ್ಮ ಕಾಯ್ದೆಯ ಪ್ರಕಾರ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, ಬ್ರಿಟನ್ನಿನಲ್ಲಿ 70. ಎರಡೂ ಮುಗಿದಿವೆ. ಆದರೆ ಆಮೇಲೆ ಬೇರೆಯವರು ಬಣ್ಣ ಬದಲಿಸಿ ತಂದ ಕಟ್ಟುಗಳಿಗೆ ಬೇರೆ ಹಕ್ಕು ಇರಬಹುದು. ಹೇಗೂ ಟ್ರೇಸ್ ಮಾಡಿದರೆ ಅದು ನಿಮ್ಮ ಕಟ್ಟು ಆಗುವುದಿಲ್ಲ.

ಅಳತೆ ಮತ್ತೆ ಪ್ರಿಂಟು

70 × 120 ಮಿ.ಮೀ. ಅಳತೆ ಚಾಲ್ತಿಯಲ್ಲಿದೆ. ಸುತ್ತಲೂ 3 ಮಿ.ಮೀ. ಕಟಿಂಗಿಗೆ ಬಿಟ್ಟರೆ 76 × 126. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಅದು 898 × 1488 ಪಿಕ್ಸೆಲ್. ಬಿಡಿಸುವಾಗ ಇದರ ಎರಡರಷ್ಟು ಇಟ್ಟುಕೊಳ್ಳಿ. ಮುಖ, ನಂಬರು, ಹೆಸರು ಅಂಚಿನಿಂದ 5 ಮಿ.ಮೀ. ಒಳಗೇ ಇರಲಿ.

13 × 19 ಇಂಚಿನ ಡಿಜಿಟಲ್ ಶೀಟಿನಲ್ಲಿ 12 ಕಾರ್ಡ್ ಕೂರುತ್ತವೆ. 78ಕ್ಕೆ ಏಳು ಶೀಟು, ಆರು ಜಾಗ ಉಳಿಯುತ್ತದೆ. ಅದರಲ್ಲಿ ಹೆಸರಿನ ಕಾರ್ಡು, ಗುಂಪುಗಳ ಪಟ್ಟಿ ಹಾಕಿ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು), ಮೇಲೆ ಮ್ಯಾಟ್ ಲ್ಯಾಮಿನೇಷನ್. 350 ಹಾಕಿದರೆ ಗಟ್ಟಿ ಅನಿಸುತ್ತದೆ, ಆದರೆ ಕಲಸಲು ಬೆರಳು ನೋಯುತ್ತದೆ.

ನನ್ನ ಮೊದಲ ಸ್ಯಾಂಪಲ್ಲಿನಲ್ಲಿ ರಾತ್ರಿಯ ಕಾರ್ಡ್‌ಗಳೆಲ್ಲ ಕಾಡಿಗೆ ಬಳಿದ ಹಾಗೆ ಬಂದವು. ಚಂದ್ರನ ತೋಳ ಮಾಯ. ಪ್ರೆಸ್ಸಿನವರ ಮೇಲೆ ಸಿಟ್ಟು ಬಂತು, ಆದರೆ ತಪ್ಪು ನನ್ನದೂ ಇತ್ತು. ಸ್ಕ್ರೀನಿನ ನೀಲಿ ನೋಡಿ ಖುಷಿಪಟ್ಟು, ಪ್ರಿಂಟಿನ ನಾಲ್ಕು ಬಣ್ಣದ ಸಿಎಂವೈಕೆಗೆ ಬದಲಿಸಿ ನೋಡದೆ ಫೈಲ್ ಕಳಿಸಿದ್ದೆ. ದಿನಾ ಗಿರಾಕಿಗಳಿಗೆ ಹೇಳುವ ಬುದ್ಧಿ ನನಗೇ ಇರಲಿಲ್ಲ. ಇನ್ನೊಂದು, ಹಿಂಬದಿಗೆ ಸಣ್ಣ ಬಿಳಿ ಬಾರ್ಡರ್ ಇಟ್ಟಿದ್ದೆ. ಕಟಿಂಗ್ ಒಂದು ಮಿ.ಮೀ. ಸರಿದರೂ ಬಾರ್ಡರ್ ಸೊಟ್ಟ ಕಾಣುತ್ತದೆ, ಯಾವ ಕಾರ್ಡ್ ಅಂತ ಹಿಂದಿನಿಂದಲೇ ಗೊತ್ತಾಗುತ್ತದೆ. ಬಾರ್ಡರ್ ತೆಗೆದು ಇಳಕಲ್ ಸೀರೆಯ ತೋಪ ಸೆರಗಿನ ಹಲ್ಲು ಹಲ್ಲು ವಿನ್ಯಾಸವನ್ನು ಅಂಚಿನವರೆಗೂ ತುಂಬಿದೆ. ಹಿಂಬದಿ ತಲೆಕೆಳಗು ಮಾಡಿದರೂ ಒಂದೇ ಥರ ಕಾಣಬೇಕು, ಇಲ್ಲದಿದ್ದರೆ ತಿರುವಿದ ಕಾರ್ಡ್ ಮೊದಲೇ ಪತ್ತೆಯಾಗುತ್ತದೆ.

ತೋರಿಸಿ, ಬಾಯಿ ಮುಚ್ಚಿಕೊಳ್ಳಿ

ಸ್ಯಾಂಪಲ್ ಕೈಗೆ ಬಂದ ಮೇಲೆ ಟ್ಯಾರೋ ಗೊತ್ತಿಲ್ಲದ ಐದಾರು ಜನಕ್ಕೆ ಕೊಡಿ. ಕಾರ್ಡಿನ ಹೆಸರು ಕಾಣದ ಹಾಗೆ ಒಂದು ಚೂರು ಟೇಪ್ ಅಂಟಿಸಿ. "ಏನು ನಡೀತಿದೆ ಇದರಲ್ಲಿ?" ಅಂತಷ್ಟೇ ಕೇಳಿ, ಆಮೇಲೆ ಒಂದಕ್ಷರ ಆಡಬೇಡಿ. ಅವರು ಹೇಳಿದ್ದನ್ನು ನೋಟ್‌ಬುಕ್ಕಿನ ಅದೇ ಪುಟದಲ್ಲಿ, ನಿಮ್ಮ ಮಾತಿನ ಕೆಳಗೆ ಬರೆದುಕೊಳ್ಳಿ. ಎರಡೂ ಪೂರ್ತಿ ಬೇರೆ ಇದ್ದರೆ ಆ ಕಾರ್ಡ್ ಮತ್ತೆ ಬಿಡಿಸಬೇಕು. ನನ್ನ ಕಟ್ಟಿನಲ್ಲಿ ಹೀಗೆ ಒಂಬತ್ತು ಬಿದ್ದವು. ತಲೆಕೆಳಗಾಗಿ ನೇತಾಡುವವನ ಕಾರ್ಡ್ ಇನ್ನೂ ಸಿಕ್ಕಿಲ್ಲ. ಆಲದ ಬಿಳಲಿಗೆ ಜೋತುಬಿದ್ದ ಹುಡುಗನನ್ನು ಬಿಡಿಸಿದರೆ ಎಲ್ಲರೂ ಆಟ ಅನ್ನುತ್ತಾರೆ, ಬಾವಲಿ ಬಿಡಿಸಿದರೆ ಹೆದರುತ್ತಾರೆ.

ದೊಡ್ಡವ್ವನಿಗೆ ಹತ್ತು ಕೊಡಗಳ ಕಾರ್ಡ್ ಕೊಟ್ಟೆ. ಕನ್ನಡಕ ಏರಿಸಿಕೊಂಡು, ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ಕೊಡಗಳನ್ನು ಬೆರಳಿಟ್ಟು ಎಣಿಸಿದಳು.

"ಯವ್ವಾ, ನಳ ಬಂದಾವೇನು?" ಅಂದವಳೇ ಕಾರ್ಡನ್ನು ನನ್ನ ಮಡಿಲಿಗೆ ಹಾಕಿ ಹಿತ್ತಲಿಗೆ ಎದ್ದುಹೋದಳು.